‘ಬಾರೋ’ ಅಂದ್ರೆ ಕೊಡೋದಾ, ತಗೊಳ್ಳೋದಾ?

ಮೊದಲ ವರ್ಷದ ಫಿಸಿಕ್ಸ್ ಲ್ಯಾಬ್. ರೀಡಿಂಗ್ ಎಲ್ಲಾ ಆಗಿತ್ತು, ಲೆಕ್ಕ ಮಾತ್ರ ಬಾಕಿ. ಅಷ್ಟರಲ್ಲಿ ಸೊರಬದಿಂದ ಬಂದ ನಮ್ಮ ಗೆಳೆಯನ ಕ್ಯಾಲ್ಕುಲೇಟರ್ ಕೈಕೊಟ್ಟಿತು. ಅವನು ಪಕ್ಕದ ಟೇಬಲ್ ಕಡೆ ತಿರುಗಿ, ಮನಸ್ಸಲ್ಲೇ ಒಂದು ಸಲ ವಾಕ್ಯ ಜೋಡಿಸಿಕೊಂಡು, ತುಂಬಾ ಮರ್ಯಾದೆಯಿಂದ ಕೇಳಿದ: “ಎಕ್ಸ್‌ಕ್ಯೂಸ್ ಮಿ, ಕ್ಯಾನ್ ಯು ಬಾರೋ ಮಿ ಯುವರ್ ಕ್ಯಾಲ್ಕುಲೇಟರ್?”

ಹಿಂದಿನಿಂದ ಯಾರೋ “ಬಾರೋ ಮಗಾ, ಬಾರೋ” ಅಂದರು. ಇಡೀ ಲ್ಯಾಬ್ ನಕ್ಕಿತು. ಅವತ್ತಿನಿಂದ ಅವನ ಹೆಸರೇ ‘ಬಾರೋ’ ಆಯ್ತು. ಹತ್ತನೇ ಕ್ಲಾಸಿನವರೆಗೆ ಕನ್ನಡ ಮೀಡಿಯಂನಲ್ಲಿ ಓದಿದ ಹುಡುಗ ಅವನು, ಮ್ಯಾಥ್ಸ್‌ನಲ್ಲಿ ನಮಗೆಲ್ಲಾ ಹೇಳಿಕೊಡೋನು. ಆಮೇಲೆ ಕ್ಲಾಸಲ್ಲಿ ಅವನ ಬಾಯಿಂದ ಇಂಗ್ಲಿಷ್ ಬಂದಿದ್ದನ್ನು ನಾವು ಒಂದು ವರ್ಷ ಕೇಳಲಿಲ್ಲ. ಸೆಮಿನಾರ್ ಬಂದರೆ ಪಿಪಿಟಿ ಪೂರ್ತಿ ಅವನೇ ಮಾಡ್ತಿದ್ದ, ಮಾತಾಡೋಕೆ ಮಾತ್ರ ಜೊತೆಗಾರನನ್ನು ನಿಲ್ಲಿಸ್ತಿದ್ದ. ಅವತ್ತು ನಕ್ಕವರಲ್ಲಿ ಈ ಲೇಖನ ಬರೀತಿರೋ ನಾವು ಮೂವರೂ ಇದ್ದೆವು. ಅದನ್ನ ಮೊದಲೇ ಬರೆದುಬಿಡ್ತೀವಿ.

ಮೂರನೇ ಸೆಮಿಸ್ಟರ್ ಮುಗಿದ ರಜೆಯಲ್ಲಿ ಅವನ ಊರಿಗೆ ಹೋದೆವು. ಶಿವಮೊಗ್ಗದಿಂದ ಶಿಕಾರಿಪುರ, ಶಿರಾಳಕೊಪ್ಪ ದಾಟಿ ಸೊರಬ, ಅಲ್ಲಿಂದ ಇನ್ನೊಂದು ಬಸ್ಸು. ಅಡಿಕೆ ಕೊಯ್ಲಿನ ಸಮಯ. ಮನೆ ತುಂಬಾ ಕೆಲಸ, ನಾವು ಮೂವರು ಬೆಂಗಳೂರಿನ ಇಂಗ್ಲಿಷ್ ಮೀಡಿಯಂ ಗಿರಾಕಿಗಳು ಎಲ್ಲರ ಕಾಲಿಗೆ ಅಡ್ಡ. ಏನಾದ್ರೂ ಸಹಾಯ ಮಾಡೋಣ ಅಂತ ನಮ್ಮಲ್ಲೊಬ್ಬ ಅಡುಗೆಮನೆಗೆ ಹೋಗಿ ಕೇಳಿದ: “ಅಜ್ಜಿ, ತರಕಾರಿ ಕಟ್ ಮಾಡ್ಲಾ?”

“ಕಟ್ ಎಂತಕ್ಕೆ ಮಾಡ್ತೀ ತಮ್ಮಾ? ಹೆಚ್ಚು.”

ನಮ್ಮವನು ಗಂಭೀರವಾಗಿ ಕೇಳಿದ: “ಎಷ್ಟು ಹೆಚ್ಚು ಅಜ್ಜಿ?”

ಈ ಸಲ ನಗೋ ಸರದಿ ಅವರ ಮನೆಯವರದ್ದು. ಅಜ್ಜಿ ಕಣ್ಣೊರೆಸಿಕೊಂಡು ನಕ್ಕರು. ಆಮೇಲೆ ಪಾಠ ಶುರುವಾಯ್ತು. ತರಕಾರಿ ಹೆಚ್ಚೋದು, ಹುಲ್ಲು ಕೊಯ್ಯೋದು, ಮರ ಕಡಿಯೋದು, ಸೌದೆ ಸೀಳೋದು, ಬಟ್ಟೆ ಕತ್ತರಿಸೋದು. ನಮಗೆ ಇವೆಲ್ಲಾ ‘ಕಟ್ ಮಾಡೋದು’. ಸೀರೆ ಉಡೋದು, ಹೂ ಮುಡಿಯೋದು, ಬಳೆ ತೊಡೋದು, ಕುಂಕುಮ ಇಡೋದು, ಚಪ್ಪಲಿ ಮೆಟ್ಟೋದು. ನಮಗೆ ಇವೆಲ್ಲಾ ‘ಹಾಕೋದು’. ಕೋಲು ಮುರಿಯುತ್ತೆ, ಮಡಕೆ ಒಡೆಯುತ್ತೆ, ದಾರ ಕಡಿದುಹೋಗುತ್ತೆ. ನಮ್ಮ ಬಾಯಲ್ಲಿ ಮೂರೂ ‘ಬ್ರೇಕ್ ಆಯ್ತು’.

ರಾತ್ರಿ ಜಗಲಿಯಲ್ಲಿ ಮೆಟ್ಟುಗತ್ತಿ ಮುಂದೆ ಕೂತು ಅಡಿಕೆ ಸುಲಿಯುವವರನ್ನು ನೋಡ್ತಾ ನಮಗೆ ಹೊಳೆದಿದ್ದು ಇಷ್ಟು. ಕನ್ನಡ ಕಲಿಯೋಕೆ ಬಂದ ಲಂಡನ್ನಿನ ಹುಡುಗನೊಬ್ಬ “ಮಡಕೆ ಮುರಿಯಿತು” ಅಂದರೆ ಅಜ್ಜಿ ಹೀಗೇ ನಗ್ತಾರೆ. ಅವನು ದಡ್ಡನಾಗಿರೋದಿಲ್ಲ. ಅವನ ಭಾಷೆಯಲ್ಲಿ ಕೋಲು, ಮಡಕೆ, ದಾರ ಮೂರಕ್ಕೂ ಒಂದೇ ಕ್ರಿಯಾಪದ. ಕನ್ನಡ ಅಲ್ಲಿ ಮೂರು ಬೇಲಿ ಹಾಕಿದೆ. ಹಾಗೇ ಇಂಗ್ಲಿಷ್ ಬೇಲಿ ಹಾಕಿದ ಜಾಗದಲ್ಲಿ ಕನ್ನಡ ಬಯಲು ಬಿಟ್ಟಿದೆ. ನಾವು ಎಡವೋದು ಅಲ್ಲೇ. ಗ್ರಾಮರ್ ಪುಸ್ತಕಗಳು ‘ಕನ್‌ಫ್ಯೂಸಿಂಗ್ ವರ್ಬ್ಸ್’ ಅಂತ ಉದ್ದ ಪಟ್ಟಿ ಕೊಟ್ಟು ಬಾಯಿಪಾಠ ಮಾಡಿ ಅನ್ನುತ್ತವೆ. ಆ ಪಟ್ಟಿಯ ಎಷ್ಟೋ ಜೋಡಿಗಳಿಗೆ ಕೀಲಿಕೈ ನಮ್ಮ ಕನ್ನಡದಲ್ಲೇ ಇದೆ ಅನ್ನೋದು ಆ ಐದು ದಿನ ಕೂತು ಮಾಡಿದ ಟಿಪ್ಪಣಿಯಿಂದ ಗೊತ್ತಾಯ್ತು. ಟಿಪ್ಪಣಿಯ ಅರ್ಧಕ್ಕಿಂತ ಹೆಚ್ಚು ಸೊರಬದವನದ್ದೇ. ಕನ್ನಡ ಸರಿಯಾಗಿ ಗೊತ್ತಿದ್ದವನು ಅವನೊಬ್ಬನೇ ತಾನೆ.

ಮೊದಲು ಅವನ ‘ಬಾರೋ’ನೇ ತಗೊಳ್ಳೋಣ.

ಪಕ್ಕದ ಮನೆಯಿಂದ ಒಂದು ಲೋಟ ಸಕ್ಕರೆ ತಂದರೆ ಅದು ಕಡ. ಕಡ ಕೊಡ್ತೀವಿ, ಕಡ ತಗೋತೀವಿ. ದುಡ್ಡಾದರೆ ಕೈಗಡ, ಬ್ಯಾಂಕಾದರೆ ಸಾಲ. ಹೆಸರು ಯಾವುದೇ ಇರಲಿ, ವಸ್ತು ಯಾವ ಕಡೆ ಹೋಗ್ತಿದೆ ಅನ್ನೋದನ್ನ ಹೇಳೋದು ‘ಕೊಡು’ ಮತ್ತು ‘ತಗೋ’. ಇಂಗ್ಲಿಷ್ ಹಾಗಲ್ಲ. ಅದು ದಿಕ್ಕನ್ನು ಕ್ರಿಯಾಪದದ ಹೊಟ್ಟೆಯೊಳಗೇ ತುಂಬಿಸಿಟ್ಟಿದೆ. ‘ಲೆಂಡ್’ ಅಂದ್ರೆ ಕಡ ಕೊಡು, ‘ಬಾರೋ’ ಅಂದ್ರೆ ಕಡ ತಗೋ. ಹಾಗಾಗಿ “ಕ್ಯಾನ್ ಯು ಲೆಂಡ್ ಮಿ”, ಇಲ್ಲಾಂದ್ರೆ “ಕ್ಯಾನ್ ಐ ಬಾರೋ”. ಕೇಳೋದಕ್ಕೆ ಮುಂಚೆ ಮನಸ್ಸಲ್ಲಿ ‘ಕೊಡು’ ಇದೆಯಾ ‘ತಗೋ’ ಇದೆಯಾ ನೋಡಿಕೊಂಡರೆ ಸಾಕು. ‘ಕೊಡ್ತೀಯಾ’ ಆದರೆ ಲೆಂಡ್, ‘ತಗೊಳ್ಳಲಾ’ ಆದರೆ ಬಾರೋ. ಅಂದಹಾಗೆ ಜರ್ಮನ್ ಭಾಷೆಯಲ್ಲಿ ‘ಲೈಹನ್’ ಅನ್ನೋ ಒಂದೇ ಕ್ರಿಯಾಪದ ಎರಡಕ್ಕೂ ನಡೆಯುತ್ತೆ. ಅಂದರೆ ಜರ್ಮನ್ನರೂ ಇಂಗ್ಲಿಷ್ ಕಲಿಯುವಾಗ ಇದೇ ಗುಂಡಿಗೆ ಬೀಳಬಹುದು. ಅವರ ಲ್ಯಾಬಲ್ಲಿ ಯಾರಾದರೂ ನಗ್ತಾರೋ ಇಲ್ಲವೋ.

ಇನ್ನು ‘ಲೇ’. ಇಂಗ್ಲಿಷಿನ ಅರ್ಧ ಗೊಂದಲದ ಕ್ರಿಯಾಪದಗಳು ನಮ್ಮ ಹಾಸ್ಟೆಲ್ ಕಾರಿಡಾರಿನ ಕೂಗಿನ ಹಾಗೇ ಇವೆ: ಲೇ, ಬಾರೋ.

‘ಲೈ’ ಮತ್ತು ‘ಲೇ’, ‘ರೈಸ್’ ಮತ್ತು ‘ರೇಯ್ಸ್’, ‘ಸಿಟ್’ ಮತ್ತು ‘ಸೆಟ್’. ಇವುಗಳನ್ನ ಎಷ್ಟು ಸಲ ಓದಿದರೂ ನಮಗೆ ಅದಲುಬದಲು ಆಗ್ತಿತ್ತು. ಕನ್ನಡದ ಕಡೆಯಿಂದ ನೋಡಿದ ಮೇಲೆ ಆಗಿಲ್ಲ. ಹೈಸ್ಕೂಲಲ್ಲಿ ಪ್ರೇರಣಾರ್ಥಕ ಅಂತ ಒಂದು ಪಾಠ ಇತ್ತು, ನೆನಪಿದೆಯಾ? ಎರಡು ಮಾರ್ಕ್ಸ್‌ಗೆ ಬರ್ತಿತ್ತು. ಧಾತುವಿಗೆ ‘ಇಸು’ ಹಚ್ಚಿದರೆ ತಾನೇ ಮಾಡುವ ಕೆಲಸ ಇನ್ನೊಂದರಿಂದ ಮಾಡಿಸುವ ಕೆಲಸ ಆಗುತ್ತೆ. ಮಲಗು, ಮಲಗಿಸು. ಏರು, ಏರಿಸು. ಕೂರು, ಕೂರಿಸು. ಬೀಳು, ಬೀಳಿಸು. ಇಂಗ್ಲಿಷಿನ ಈ ಜೋಡಿಗಳೂ ಅಷ್ಟೇ. ‘ಲೈ’ ಮಲಗು, ‘ಲೇ’ ಮಲಗಿಸು. ‘ರೈಸ್’ ಏರು, ‘ರೇಯ್ಸ್’ ಏರಿಸು. ‘ಸಿಟ್’ ಕೂರು, ‘ಸೆಟ್’ ಕೂರಿಸು. ‘ಫಾಲ್’ ಬೀಳು, ‘ಫೆಲ್’ ಬೀಳಿಸು. ಮರ ಕಡಿದು ಉರುಳಿಸೋದಕ್ಕೆ ಇಂದಿಗೂ ‘ಫೆಲ್ಲಿಂಗ್’ ಅಂತಾರಲ್ಲ, ಅದು.

ಇದು ನಾವು ಅನುಕೂಲಕ್ಕೆ ಹೊಸೆದ ಉಪಾಯ ಅಲ್ಲ. ಇಂಗ್ಲಿಷಿನ ಪೂರ್ವಜ ಭಾಷೆಯಲ್ಲಿ ನಿಜವಾಗಿಯೂ ನಮ್ಮ ‘ಇಸು’ವಿನಂಥದ್ದೊಂದು ಪ್ರತ್ಯಯ ಇತ್ತು. ಅದನ್ನು ಹಚ್ಚಿದಾಗ ಧಾತುವಿನ ಸ್ವರ ಬದಲಾಗ್ತಿತ್ತು. ಕಾಲಕ್ರಮದಲ್ಲಿ ಪ್ರತ್ಯಯ ಸವೆದುಹೋಯ್ತು, ಬದಲಾದ ಸ್ವರ ಮಾತ್ರ ಉಳೀತು. ಹಾಗಾಗಿ ಇಂಗ್ಲಿಷಿನವರಿಗೇ ಇದು ಯಾಕೆ ಹೀಗೆ ಅಂತ ಕಣ್ಣಿಗೆ ಕಾಣಲ್ಲ, ಅವರೂ ‘ಲೈ’, ‘ಲೇ’ ತಪ್ಪುತ್ತಾರೆ. ನಮ್ಮ ‘ಇಸು’ ಮಾತ್ರ ಇನ್ನೂ ಗಟ್ಟಿಮುಟ್ಟಾಗಿದೆ. ಅದಕ್ಕೆ ಎಷ್ಟು ಜೀವ ಇದೆ ಅಂದ್ರೆ ನಿನ್ನೆ ಬಂದ ಪದಕ್ಕೂ ‘ಡೌನ್‌ಲೋಡಿಸು’ ಅಂತ ತಮಾಷೆಗೆ ಹಚ್ಚಿದರೆ ಎಲ್ಲರಿಗೂ ಅರ್ಥವಾಗುತ್ತೆ.

ಈ ಕೀಲಿಕೈ ಬೇರೆ ಬೀಗಗಳನ್ನೂ ತೆಗೆಯುತ್ತೆ. ಕಲಿ ‘ಲರ್ನ್’, ಕಲಿಸು ‘ಟೀಚ್’. “ಸರ್ ಲರ್ನ್ಡ್ ಅಸ್” ಅಂದರೆ ತಪ್ಪು. ಆದರೆ ಶೇಕ್ಸ್‌ಪಿಯರನ ಕಾಲದ ಇಂಗ್ಲಿಷಲ್ಲಿ ‘ಲರ್ನ್’ ಅಂದರೆ ಕಲಿಸು ಅಂತಲೂ ನಡೀತಿತ್ತು, ಆದ್ದರಿಂದ ತೀರಾ ನಾಚಿಕೆ ಬೇಡ. ನೆನಪಿಟ್ಟುಕೋ ‘ರಿಮೆಂಬರ್’, ನೆನಪಿಸು ‘ರಿಮೈಂಡ್’. “ಪ್ಲೀಸ್ ರಿಮೆಂಬರ್ ಮಿ ಟುಮಾರೋ” ಅಂತ ಕ್ಲಾಸ್ ಗ್ರೂಪಿನಲ್ಲಿ ಹಾಕ್ತೀವಲ್ಲ, ಓದಿದವರಿಗೆ ನಾವೇನೋ ಊರು ಬಿಟ್ಟು ಹೋಗ್ತಿದ್ದೀವಿ ಅನ್ನಿಸಬೇಕು. ‘ರಿಮೈಂಡ್ ಮಿ’ ಆಗಬೇಕು. ತಿನ್ನು ‘ಈಟ್’, ತಿನ್ನಿಸು ‘ಫೀಡ್’.

ಲ್ಯಾಬ್ ರೆಕಾರ್ಡಿಗೆ ಇದು ನೇರ ಉಪಯೋಗ. ಟೆಂಪರೇಚರ್ ತಾನೇ ಏರಿತು ಅಂದರೆ ‘ರೋಸ್’, ನಾವು ಏರಿಸಿದೆವು ಅಂದರೆ ‘ರೇಯ್ಸ್ಡ್’. ಎರಡೂ ಒಂದೇ ಅಲ್ಲ. ಏರಿತೋ ಏರಿಸಿದಿರೋ ಅನ್ನೋದರ ಮೇಲೆ ಪ್ರಯೋಗದ ಅರ್ಥವೇ ಬದಲಾಗುತ್ತೆ.

‘ಲೈ’, ‘ಲೇ’ ವಿಷಯದಲ್ಲಿ ಒಂದು ಕಿರಿಕಿರಿ ಮಾತ್ರ ಉಳಿಯುತ್ತೆ, ಅದಕ್ಕೆ ‘ಇಸು’ ಸಹಾಯಕ್ಕೆ ಬರಲ್ಲ. ‘ಲೈ’ಗೆ ಭೂತಕಾಲ ‘ಲೇ’! ‘ನಿನ್ನೆ ಮಲಗಿದೆ’ ಅನ್ನೋಕೆ “ಐ ಲೇ ಡೌನ್”. ‘ಮಲಗಿಸಿದೆ’, ‘ಇಟ್ಟೆ’ ಅನ್ನೋಕೆ ‘ಲೇಡ್’. ಕೋಳಿ ನಿನ್ನೆ ಮೊಟ್ಟೆ ಇಟ್ಟರೆ ‘ಲೇಡ್’, ಆ ಮೊಟ್ಟೆ ಹುಲ್ಲಲ್ಲಿ ಬಿದ್ದಿದ್ದರೆ ‘ಲೇ’. ಸುಳ್ಳು ಹೇಳಿದರೆ ‘ಲೈಡ್’. ಇದನ್ನ ಸುಮ್ಮನೆ ಬಾಯಿಪಾಠ ಮಾಡೋದೇ ದಾರಿ. ಹಾಗೇ ಕನ್ನಡದಲ್ಲಿ ‘ಇಸು’ ಕಂಡ ಕಡೆಯೆಲ್ಲಾ ಮಾಡಿಸೋ ಅರ್ಥ ಹುಡುಕಬೇಡಿ. ಯೋಚಿಸು, ಭಾವಿಸು ಇವೆಲ್ಲಾ ಸಂಸ್ಕೃತದ ಮಾತಿಗೆ ಕನ್ನಡದ ಬಾಲ ಕಟ್ಟಿದ್ದು, ಅಷ್ಟೇ.

ಎರಡನೇ ಕೀಲಿಕೈ ಸಿಕ್ಕಿದ್ದು ಜಗಳದಿಂದ. ನಮ್ಮಲ್ಲೊಬ್ಬ ಹೇಳಿದ: ‘ಕೇಳು’, ‘ಕೇಳಿಸು’ ಇದೆಯಲ್ಲ, ಅಲ್ಲಿ ನಿಮ್ಮ ಇಸು ಫೇಲು. ನಿಜ. “ಹಾಡು ಕೇಳಿಸ್ತು” ಅಂದಾಗ ನಾನು ಯಾರಿಗೂ ಏನೂ ಮಾಡಿಸ್ತಿಲ್ಲ. ಆಗ ಸೊರಬದವನು ಹೇಳಿದ್ದು: “ಅಲ್ಲಿ ಇಸು ನೋಡಬೇಡ. ‘ನಾನು’ ಇದೆಯಾ, ‘ನನಗೆ’ ಇದೆಯಾ ನೋಡು ಮಾರಾಯ.”

ನಾನು ಕೇಳಿದೆ. ನನಗೆ ಕೇಳಿಸಿತು. ಮೊದಲನೆಯದು ‘ಲಿಸನ್’, ಎರಡನೆಯದು ‘ಹಿಯರ್’. ನಾನು ನೋಡಿದೆ, ನನಗೆ ಕಾಣಿಸಿತು. ‘ಲುಕ್’, ‘ಸೀ’. ‘ನಾನು’ ಅಂದಾಗ ನಮ್ಮ ಇಚ್ಛೆಯಿಂದ ಮಾಡೋ ಕೆಲಸ. ‘ನನಗೆ’ ಅಂದಾಗ ಅದು ತಾನಾಗಿ ಬಂದು ನಮಗೆ ತಾಗೋದು.

ಇಲ್ಲಿಂದ ಮುಂದೆ ಸಿಕ್ಕಿದ್ದು ನಮಗೇ ಆಶ್ಚರ್ಯ. ನಾವು ಭಾರತೀಯರು ‘ಇಂಗ್’ ಹಚ್ಚೋದರಲ್ಲಿ ಧಾರಾಳಿಗಳು ಅಂತ ಎಲ್ಲರೂ ಗೇಲಿ ಮಾಡ್ತಾರೆ. “ಐ ಆಮ್ ನೋಯಿಂಗ್”, “ಐ ಆಮ್ ವಾಂಟಿಂಗ್”, “ಐ ಆಮ್ ಅಂಡರ್‌ಸ್ಟ್ಯಾಂಡಿಂಗ್ ಸರ್”. ಈ ಕ್ರಿಯಾಪದಗಳಿಗೆ ಕನ್ನಡ ಏನು ಅಂತ ಒಂದೊಂದೇ ಬರೆದೆವು. ನನಗೆ ಗೊತ್ತು. ನನಗೆ ಬೇಕು. ನನಗೆ ಅರ್ಥವಾಗುತ್ತೆ. ನನಗೆ ಇಷ್ಟ. ನನಗೆ ನೆನಪಿದೆ. ನನಗೆ ಕೇಳಿಸುತ್ತೆ. ಎಲ್ಲಾ ‘ನನಗೆ’! ಕನ್ನಡದಲ್ಲಿ ‘ನನಗೆ’ ಬರೋ ಕಡೆ ಸಾಮಾನ್ಯವಾಗಿ ಇಂಗ್ಲಿಷಲ್ಲಿ ‘ಇಂಗ್’ ಬರಲ್ಲ. ‘ಹ್ಯಾವ್’ ಕೂಡ ಈ ಪರೀಕ್ಷೆಯಲ್ಲಿ ಪಾಸು. “ನನಗೆ ಇಬ್ಬರು ತಮ್ಮಂದಿರು”, ಅದಕ್ಕೇ “ಐ ಹ್ಯಾವ್”. ‘ಹ್ಯಾವಿಂಗ್ ಟೂ ಬ್ರದರ್ಸ್’ ಅಲ್ಲ. ಆದರೆ “ನಾನು ಊಟ ಮಾಡ್ತಿದ್ದೀನಿ” ಅಂದರೆ “ಐ ಆಮ್ ಹ್ಯಾವಿಂಗ್ ಲಂಚ್” ಸರಿ, ಯಾಕಂದ್ರೆ ಅಲ್ಲಿ ‘ನಾನು’. ‘ಸೀ’ ಕೂಡ ಹಾಗೇ. ಕಾಣಿಸುತ್ತೆ ಅಂದರೆ ಇಂಗ್ ಇಲ್ಲ. ನಾಳೆ ನಾನು ಡಾಕ್ಟರನ್ನ ಕಾಣ್ತೀನಿ ಅಂದರೆ “ಐ ಆಮ್ ಸೀಯಿಂಗ್ ದ ಡಾಕ್ಟರ್” ಸರಿ.

ಇದು ನ್ಯೂಟನ್ನನ ನಿಯಮ ಅಲ್ಲ, ತಪ್ಪೋ ಕಡೆಗಳಿವೆ. ‘ನಾನು ನಂಬ್ತೀನಿ’ ಅಂತೀವಿ, ಆದರೂ ‘ಬಿಲೀವ್’ಗೆ ಇಂಗ್ ಹಚ್ಚಲ್ಲ. ‘ನನಗೆ ಸುಸ್ತಾಗ್ತಿದೆ’ ಅಂತೀವಿ, ಆದರೂ “ಐ ಆಮ್ ಫೀಲಿಂಗ್ ಟಯರ್ಡ್” ಸರಿಯೇ. ಹತ್ತರಲ್ಲಿ ಒಂದೆರಡು ಕಡೆ ಕೈಕೊಟ್ಟರೂ ಪಟ್ಟಿ ಬಾಯಿಪಾಠ ಮಾಡೋದಕ್ಕಿಂತ ಇದು ವಾಸಿ ಅಂತ ನಮ್ಮ ಅಭಿಪ್ರಾಯ.

ಉಳಿದವು ಚಿಕ್ಕವು. ಕನ್ನಡದ ‘ಮಾಡು’ ಇಂಗ್ಲಿಷಲ್ಲಿ ‘ಡು’ ಮತ್ತು ‘ಮೇಕ್’ ಆಗಿ ಒಡೆಯುತ್ತೆ. ಮಾಡಿದ ಮೇಲೆ ಹೊಸದೇನಾದರೂ ಹುಟ್ಟಿದರೆ ಬಹುಪಾಲು ‘ಮೇಕ್’: ಮಾಡೆಲ್, ಟೀ, ತಪ್ಪು. ಹೌದು, ತಪ್ಪನ್ನೂ ಇಂಗ್ಲಿಷಿನವರು ‘ಮೇಕ್’ ಮಾಡ್ತಾರೆ, ‘ಡಿಡ್ ಎ ಮಿಸ್ಟೇಕ್’ ಅಲ್ಲ. ಹೋಮ್‌ವರ್ಕ್, ಕೆಲಸ, ಪ್ರಯೋಗ ಇವು ‘ಡು’. ‘ಲೈಟ್ ಹಾಕು’ ಅನ್ನೋ ಅಭ್ಯಾಸದಿಂದ “ಪುಟ್ ದ ಫ್ಯಾನ್” ಅಂತೀವಿ. ‘ಟರ್ನ್ ಆನ್’ ಅನ್ನಿ, ಇಲ್ಲಾಂದ್ರೆ ಫ್ಯಾನನ್ನ ಎಲ್ಲಿ ಇಡಬೇಕು ಅಂತ ಕೇಳ್ತಾರೆ. ‘ಬಗ್ಗೆ ಚರ್ಚಿಸು’ ಅನ್ನೋದರಿಂದ ‘ಡಿಸ್ಕಸ್ ಅಬೌಟ್’ ಬರುತ್ತೆ. ‘ಡಿಸ್ಕಸ್’ಗೆ ಆ ಬಾಲ ಬೇಡ. ‘ನನಗೆ ಹೇಳಿದ’ ಅನ್ನೋದರಿಂದ “ಸೆಡ್ ಮಿ”, “ಟೋಲ್ಡ್ ಟು ಮಿ” ಎರಡೂ ಬರುತ್ತವೆ, ಎರಡೂ ತಪ್ಪು. ‘ಟೋಲ್ಡ್ ಮಿ’, ಇಲ್ಲವೇ ‘ಸೆಡ್ ಟು ಮಿ’.

ಐದನೇ ದಿನ ಬಳ್ಳಿಗಾವಿ ನೋಡಿಕೊಂಡು ಬರೋಣ ಅಂತ ಹೊರಟೆವು. ಅದು ಪಕ್ಕದ ಶಿಕಾರಿಪುರ ತಾಲ್ಲೂಕು. ಹೊಸ್ತಿಲು ದಾಟುವಾಗ “ಅಜ್ಜಿ, ಹೋಗ್ತೀವಿ” ಅಂದೆವು. ಅಜ್ಜಿಯ ಮುಖ ಸಪ್ಪೆ ಆಯ್ತು.

“ಹಾಗೆಲ್ಲ ಹೋಗ್ತೀವಿ ಅನ್ನಬಾರದು. ಬರ್ತೀವಿ ಅನ್ನಿ.”

ಕನ್ನಡದಲ್ಲಿ ಹೋಗೋನು ‘ಬರ್ತೀನಿ’ ಅನ್ನಬೇಕು. ಇದನ್ನೇ ಇಂಗ್ಲಿಷಿಗೆ ಹೊತ್ತುಕೊಂಡು ಹೋಗಿ, ಲೆಕ್ಚರರ್ ರೂಮಿಂದ ಹೊರಡುವಾಗ “ಓಕೆ ಸರ್, ಐ ವಿಲ್ ಕಮ್” ಅಂದವರು ನಮ್ಮಲ್ಲಿ ಒಬ್ಬರಲ್ಲ, ಇಬ್ಬರಿದ್ದಾರೆ. ಅವರು ತಲೆ ಎತ್ತಿ “ವೆನ್?” ಅಂತ ಕೇಳಿದ್ದೂ ಇದೆ. ಇಂಗ್ಲಿಷಲ್ಲಿ ಹೊರಡುವಾಗ ‘ಲೀವ್’ ಅನ್ನಬೇಕು, ತಪ್ಪೇನಿಲ್ಲ. ಅಜ್ಜಿ ಹತ್ರ ಮಾತ್ರ ಬೇಡ.

ಬಳ್ಳಿಗಾವಿಯ ಕೇದಾರೇಶ್ವರ ದೇವಸ್ಥಾನ ನಾವು ನೋಡಿದ್ದು ಶಿಲ್ಪಕ್ಕಾಗಿ. ಆದರೆ ಅಲ್ಲಿದ್ದ ಕೋಡಿಯ ಮಠದ ವಿಷಯ ಓದಿದಾಗ ನಮ್ಮ ಟಿಪ್ಪಣಿ ಪುಸ್ತಕ ಚೀಲದಲ್ಲಿ ಸ್ವಲ್ಪ ಭಾರ ಆದ ಹಾಗಾಯ್ತು. 1162ರ ಶಾಸನ ಆ ಮಠವನ್ನು ವರ್ಣಿಸುತ್ತೆ: ವೇದ, ದರ್ಶನಗಳ ಜೊತೆ ಪಾಣಿನೀಯ, ಶಾಕಟಾಯನ ಮೊದಲಾದ ವ್ಯಾಕರಣಗಳನ್ನು ವಿವರಿಸಿ ಹೇಳುವ ಜಾಗ, ಹಸಿದವರಿಗೆ ಅನ್ನ, ರೋಗಿಗಳಿಗೆ ಔಷಧ ಕೊಡುವ ಜಾಗ. ಅನ್ನ, ಔಷಧ, ವ್ಯಾಕರಣ ಮೂರೂ ಒಂದೇ ಸೂರಿನಡಿ! ಅಲ್ಲಿ ಕಲಿಸ್ತಿದ್ದದ್ದು ಸಂಸ್ಕೃತದ ವ್ಯಾಕರಣ. ಮುಂದಿನ ಶತಮಾನದಲ್ಲಿ ಕೇಶಿರಾಜ ಕನ್ನಡಕ್ಕೇ ‘ಶಬ್ದಮಣಿದರ್ಪಣ’ ಬರೆದ. ಅದರಲ್ಲಿ ಕ್ರಿಯಾಪದಗಳ ಬೇರಿಗೇ, ಅಂದರೆ ಧಾತುವಿಗೇ, ಒಂದು ಪ್ರಕರಣ ಇದೆ. ಎಂಟು ನೂರು ವರ್ಷದ ಹಿಂದೆಯೇ ಒಬ್ಬ ಕನ್ನಡದ ಕ್ರಿಯಾಪದಗಳನ್ನು ಕೂತು ವಿಂಗಡಿಸ್ತಿದ್ದ. ನಮಗೆ ‘ಹೆಚ್ಚು’ ಗೊತ್ತಿರಲಿಲ್ಲ.

ಸೊರಬದವನು ಈ ಸೆಮಿಸ್ಟರ್ ಸೆಮಿನಾರ್ ಕೊಟ್ಟ, ಒಬ್ಬನೇ, ಇಂಗ್ಲಿಷಲ್ಲಿ. ಮಧ್ಯೆ ಒಂದು ಕಡೆ ‘ರೇಯ್ಸ್’ ಬದಲು ‘ರೈಸ್’ ಅಂದ. ನಿಲ್ಲಿಸಿದ, ತಿದ್ದಿದ, ಮುಂದುವರಿದ. ಅವನನ್ನ ಇನ್ನೂ ‘ಬಾರೋ’ ಅನ್ನೋರು ಇದ್ದಾರೆ. ನಾವು ಮೂವರು ಬಿಟ್ಟಿದ್ದೇವೆ.

ಬಳ್ಳಿಗಾವಿಯಿಂದ ವಾಪಸ್ ಬಂದ ಸಂಜೆಯದ್ದು ಒಂದು ಬಾಕಿ ಇದೆ. ಕೊಟ್ಟಿಗೆಯಲ್ಲಿ ಕರುವಿಗೆ ಹೊಟ್ಟೆ ಉಬ್ಬರಿಸಿತ್ತು. ಅಜ್ಜ ಬಿದಿರಿನ ಗೊಟ್ಟದಲ್ಲಿ ಔಷಧ ತುಂಬಿಸಿಕೊಂಡು ಬಂದು ಕರುವಿನ ದವಡೆ ಎತ್ತಿ ಹಿಡಿದರು. ನಮ್ಮನ್ನ ಕಾಲು ಹಿಡಿಯೋಕೆ ಹಾಕಿದರು. ನಾಲ್ಕು ದಿನದಿಂದ ನಮ್ಮ ಚರ್ಚೆ ಅವರ ಕಿವಿಗೆ ಬೀಳ್ತಾನೇ ಇತ್ತು.

“ಎಲ್ಲಾದಕ್ಕೂ ಹೇಳ್ತೀರಲ್ಲ, ಹಿಂಗೆ ಗೊಟ್ಟದಲ್ಲಿ ಕುಡಿಸೋದಕ್ಕೆ ಇಂಗ್ಲಿಷಲ್ಲಿ ಎಂತ ಅಂತಾರೆ?”

ನಮಗೆ ಮೂವರಿಗೂ ಗೊತ್ತಿರಲಿಲ್ಲ. ಸೊರಬದವನು ಒಂದು ಕೈಯಲ್ಲಿ ಕರು, ಇನ್ನೊಂದು ಕೈಯಲ್ಲಿ ಮೊಬೈಲು ಹಿಡ್ಕೊಂಡು ಡಿಕ್ಷನರಿ ತೆಗೆದ. ‘ಡ್ರೆಂಚ್’. ದನಕ್ಕೆ ಬಾಯಿಯ ಮೂಲಕ ಒತ್ತಾಯದಿಂದ ಔಷಧ ಕುಡಿಸೋದು. ಕೆಳಗೆ ಪದದ ಮೂಲ ಕೊಟ್ಟಿತ್ತು: ‘ಡ್ರಿಂಕ್’ನಿಂದಲೇ ಹುಟ್ಟಿದ್ದು, ಹಳೆಯ ಇಂಗ್ಲಿಷಲ್ಲಿ ಕುಡಿಯುವಂತೆ ಮಾಡು ಅಂತ ಅರ್ಥ. ಅವನು ಕೂಗಿಯೇಬಿಟ್ಟ.

“ಅಜ್ಜ, ಡ್ರಿಂಕ್ ಅಂದ್ರೆ ಕುಡಿ, ಡ್ರೆಂಚ್ ಅಂದ್ರೆ ಕುಡಿಸು! ಇಲ್ಲೂ ಇಸು!”

“ಇರಬಹುದು, ಅವರೂ ದನ ಸಾಕ್ತಾರಲ್ಲ,” ಅಂದರು ಅಜ್ಜ. “ಆ ಕಾಲು ಗಟ್ಟಿ ಹಿಡ್ಕ.”